ಬುಧವಾರದ ಯುನಿಫಾರ್ಮ್

ಕಳೆದ ವರ್ಷ ಜುಲೈ ತಿಂಗಳ ಎರಡನೇ ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ನನ್ನ ಮೊಬೈಲಿಗೆ ಐವತ್ತೊಂದು ಸೆಕೆಂಡಿನ ಒಂದು ವಿಡಿಯೊ ಬಂತು. ಮುಳುಗು ಸೇತುವೆ, ಅದರ ಮೇಲೆ ಹರಿಯುವ ಕೆಂಪು ನೀರು, ಅರ್ಧ ಚಕ್ರ ನೀರಿನಲ್ಲಿ ಮುಳುಗಿಸಿಕೊಂಡು ದಾಟುತ್ತಿರುವ ಜೀಪು. ಜೀಪಿನ ಹಿಂಭಾಗದಲ್ಲಿ ರೇನ್‌ಕೋಟ್ ಹಾಕಿದ ಮಕ್ಕಳು. ನಡುವೆ ಒಮ್ಮೆ ಜೀಪು ಬದಿಗೆ ಜಾರುತ್ತದೆ. ಮಕ್ಕಳು ಕೂಗುತ್ತಾರೆ. ಚಿತ್ರ ತೆಗೆಯುತ್ತಿದ್ದವರ ಕೈ ಅಲುಗುತ್ತದೆ. ಮತ್ತೆ ಜೀಪು ಆಚೆ ಬದಿ ಹತ್ತುತ್ತದೆ. ಹತ್ತುವಾಗ ನಂಬರ್ ಪ್ಲೇಟು ಎರಡು ಸೆಕೆಂಡು ಸ್ಪಷ್ಟವಾಗಿ ಕಾಣುತ್ತದೆ. ಚಾಲಕನ ಮುಖ ಎಲ್ಲಿಯೂ ಕಾಣುವುದಿಲ್ಲ, ಬಲ ಮೊಣಕೈ ಮಾತ್ರ. ಕೆಳಗೆ ಬರೆದಿತ್ತು: ‘ಇವತ್ತು ಬೆಳಿಗ್ಗೆ ಕಡಬದಲ್ಲಿ. ಎಲ್ಲ ಪೋಷಕರಿಗೆ ತಲುಪಿಸಿ.’

ಕಳಿಸಿದವರು ಪೆರಾಬೆಯ ಒಬ್ಬ ಓದುಗರು. ಅವರಿಗೆ ಯಾರು ಕಳಿಸಿದರು ಎಂದು ಕೇಳಿದೆ. ಗುಂಪಿನಲ್ಲಿ ಬಂತು ಎಂದರು. ಹತ್ತು ಗಂಟೆಯ ಹೊತ್ತಿಗೆ ಅದು ನಾನಿರುವ ಒಂಬತ್ತು ಗುಂಪುಗಳಲ್ಲಿತ್ತು.

ನಾನು ಪುತ್ತೂರಿನಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ನನ್ನ ವ್ಯಾಪ್ತಿಗೆ ಬರುತ್ತವೆ. ಹೀಗೆ ಹೆಸರಿಲ್ಲದೆ ಬರುವ ವಿಡಿಯೊಗಳನ್ನು ನೋಡಿ, ಅವು ಎಲ್ಲಿಯವು, ಯಾವಾಗಿನವು ಎಂದು ಹುಡುಕುವ ಕೆಲಸವನ್ನು ನನಗೆ ಯಾರೂ ವಹಿಸಿರಲಿಲ್ಲ. ನಾನೇ ಹಚ್ಚಿಕೊಂಡೆ. ಅದಕ್ಕೊಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೇನೆ. ಬಂದ ಸಮಯ, ಕಳಿಸಿದವರು, ಎಷ್ಟು ಸೆಕೆಂಡು, ಹಿನ್ನೆಲೆಯ ಶಬ್ದ, ನೆರಳು ಬಿದ್ದ ದಿಕ್ಕು, ಕರೆಂಟು ಕಂಬ, ಗಿಡಮರ. ಒಂದು ಮಳೆಗಾಲದಲ್ಲಿ ಸುಬ್ರಹ್ಮಣ್ಯದ ರಸ್ತೆಗೆ ಕಾಡಾನೆ ಬಂದಿದೆ ಎಂದು ವಿಡಿಯೊ ಹರಿದಾಡಿತು. ಆನೆಯ ಹಿಂದೆ ರಬ್ಬರ್ ಮರಗಳಿದ್ದವು. ಒಂದರಲ್ಲಿಯೂ ಎಲೆ ಇರಲಿಲ್ಲ. ಮಳೆಗಾಲದಲ್ಲಿ ರಬ್ಬರ್ ಎಲೆ ಉದುರಿಸುವುದಿಲ್ಲ. ಅದನ್ನು ಬರೆದೆ. ಅಂದಿನಿಂದ ಮೂರೂ ತಾಲೂಕಿನವರು ಏನು ಬಂದರೂ ನನಗೆ ಕಳಿಸಿ, ‘ಇದು ಹೌದಾ ಸರ್?’ ಎಂದು ಕೇಳುತ್ತಿದ್ದರು. ಆ ಪ್ರಶ್ನೆ ನನಗೆ ಇಷ್ಟವಾಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅದು ಎಷ್ಟು ಜನರಿಂದ ಬಂದಿದೆ ಎಂದು ಎಣಿಸುತ್ತಿದ್ದೆ.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಸುಳ್ಯದ ಟೈಲರ್ ಬಂದರು.

ಅವರು ನನಗಿಂತ ಆರೇಳು ವರ್ಷ ದೊಡ್ಡವರು. ಸುಳ್ಯ ಪೇಟೆಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಶಾಲಾ ಯುನಿಫಾರ್ಮ್ ಹೊಲಿಯುತ್ತಾರೆ. ಮನೆಮಾತು ಆ ಕಡೆಯ ಗೌಡರು ಆಡುವ ಅರೆಭಾಷೆ. ಅವರ ಹೆಸರು ನಾನು ಮೊದಲು ಕೇಳಿದ್ದು ಒಂದು ತಿದ್ದುಪಡಿಯ ಕಾರಣಕ್ಕೆ. ಒಂದು ಅಂಗಡಿ ಎದುರಿನಿಂದ ಸಾಮಾನಿನ ಮೂಟೆಗಳನ್ನು ಪಿಕಪ್ ವಾಹನಕ್ಕೆ ತುಂಬಿ ಓಡುವ ಕಳ್ಳರ ವಿಡಿಯೊ ಪುತ್ತೂರಿನದೆಂದು ಹರಡಿತ್ತು. ಪಿಕಪ್‌ನ ಸ್ಟೀರಿಂಗ್ ಎಡಗಡೆ ಇತ್ತು. ಹಿಂದಿನ ಬೋರ್ಡಿನಲ್ಲಿ ಮಸುಕಾಗಿ ಮೂರು ದುಂಡು ಅಕ್ಷರಗಳಿದ್ದವು. ಅಂತರ್ಜಾಲದಲ್ಲಿ ಹೋಲಿಸಿ ನೋಡಿ, ಇದು ನಮ್ಮ ದೇಶದ್ದಲ್ಲ, ಮ್ಯಾನ್ಮಾರ್‌ನದ್ದು ಎಂದು ಬರೆದೆ. ಅಚ್ಚಾಯಿತು.

ಮರುದಿನ ನಮ್ಮ ಕಚೇರಿಗೆ ಒಂದು ಫೋನ್ ಬಂತು. ಸುಳ್ಯದ ಟೈಲರ್ ಎಂದು ಹೇಳಿಕೊಂಡ ಹೆಂಗಸಿನ ಧ್ವನಿ.

“ಆ ವಿಡಿಯೊದಲ್ಲಿ ನಾಲ್ಕು ಜನ ಗಂಡಸರು ಇದ್ದಾರಲ್ಲ, ನಾಲ್ಕೂ ಜನರ ಅಂಗಿ ಕಿಸೆ ಬಲಗಡೆ ಉಂಟು. ಯಾವ ಟೈಲರ್ ಹಾಗೆ ಹೊಲಿಯುದು ಮಾರಾಯ್ರೆ? ಅದನ್ನು ಯಾರೋ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿದ್ದಾರೆ. ನೀವೂ ಒಮ್ಮೆ ಹಿಂದೆ ತಿರುಗಿಸಿ ನೋಡಿ.”

ತಿರುಗಿಸಿ ನೋಡಿದೆ. ಸ್ಟೀರಿಂಗ್ ಬಲಕ್ಕೆ ಬಂತು. ದುಂಡು ಅಕ್ಷರಗಳು ಮಲಯಾಳ ಆದವು. ಜಾಲ್ಸೂರಿನಿಂದ ಕಾಸರಗೋಡಿಗೆ ಹೋಗುವ ಬಸ್ಸು ಹತ್ತಿದರೆ ಸಿಗುವ ಒಂದು ಪೇಟೆಯ ಅಂಗಡಿ ಅದು. ಎರಡನೇ ಪುಟದ ಕೆಳಗೆ ತಿದ್ದುಪಡಿ ಬಂತು, ಅದರಲ್ಲಿ ಅವರ ಹೆಸರೂ ಇತ್ತು. ಮಂಗಳೂರಿನ ಡೆಸ್ಕಿನಲ್ಲಿ ಸುದ್ದಿ ನೋಡಿಕೊಳ್ಳುವ ಹಿರಿಯರು ಅಂದಿನಿಂದ ನನ್ನನ್ನು ಮ್ಯಾನ್ಮಾರ್ ಎಂದು ಕರೆಯತೊಡಗಿದರು. “ಎಂತ ಮ್ಯಾನ್ಮಾರ್, ಊಟ ಆಯ್ತಾ?” ಎಂದು ಶುರು ಮಾಡಿ ಆಮೇಲೆ ಸುದ್ದಿ ಕೇಳುತ್ತಿದ್ದರು.

ತಪ್ಪು ನನ್ನದು. ಅದನ್ನು ಒಪ್ಪಿಕೊಳ್ಳುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಆಮೇಲೆ ನಡೆದದ್ದು. ಜನ ವಿಡಿಯೊಗಳನ್ನು ಅವರಿಗೆ ಕಳಿಸತೊಡಗಿದರು. ‘ಸುಳ್ಯದ ಟೈಲರಕ್ಕ ನೋಡಿ ಹೇಳಿದ್ರು’ ಎಂಬ ಮಾತು ಮೊದಲು ಸುಳ್ಯದಲ್ಲಿ, ಆಮೇಲೆ ಪುತ್ತೂರಿನಲ್ಲಿಯೇ ಕೇಳಿಬಂತು. ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವರು ಹೇಳಿದ್ದು ಸರಿಯಾದ ಸಂದರ್ಭಗಳನ್ನು ಗುರುತು ಹಾಕಿಕೊಂಡೆ. ತಪ್ಪಾದದ್ದು ಸಿಕ್ಕಿದರೆ ಬರೆಯಲು ಪಕ್ಕದಲ್ಲಿ ಇನ್ನೊಂದು ಅಂಕಣ ಗೆರೆ ಎಳೆದೆ. ಆರು ತಿಂಗಳಲ್ಲಿ ಮೊದಲ ಅಂಕಣದಲ್ಲಿ ಏಳು ಗುರುತುಗಳಾದವು. ಎರಡನೆಯದು ಖಾಲಿ ಇತ್ತು. ಬೆಳಗಿನ ‘ಇದು ಹೌದಾ ಸರ್?’ ಕಡಿಮೆಯಾಗುತ್ತ ಬಂತು.

ಜೀಪಿನ ವಿಡಿಯೊ ಬಂದದ್ದು ಈ ಹೊತ್ತಿನಲ್ಲಿ.

ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಆ ಜೀಪಿನ ಮಾಲಕರು ಪುತ್ತೂರಿನ ನಮ್ಮ ಕಚೇರಿಗೆ ಬಂದರು. ನಲವತ್ತು ದಾಟಿದ ಬ್ಯಾರಿ, ಕರಾವಳಿಯ ಮುಸ್ಲಿಂ ಸಮುದಾಯದವರು. ಕಡಬ ತಾಲೂಕಿನ ಒಂದು ಶಾಲೆಗೆ ಹನ್ನೊಂದು ಮಕ್ಕಳನ್ನು ದಿನವೂ ಕರೆದುಕೊಂಡು ಹೋಗಿ ತರುವುದು ಅವರ ಕೆಲಸ. ಕೊಡೆಯನ್ನು ಬಾಗಿಲ ಹೊರಗೆ ಇಟ್ಟು, ನಿಂತುಕೊಂಡೇ ಮಾತಾಡಿದರು.

“ಸರ್, ಜೀಪು ನನ್ನದೇ. ನಂಬರೂ ನನ್ನದೇ. ಆ ನೀರಿಗೆ ಇಳಿದದ್ದು ನಾನಲ್ಲ.”

“ಮತ್ತೆ ಯಾರು?”

“ಅದು ಗೊತ್ತಿದ್ರೆ ನಿಮ್ಮ ಹತ್ರ ಯಾಕೆ ಬರುದು? ಹೋದ ವರ್ಷ ಮೇಯಲ್ಲಿ ನಾನು ಈ ಗಾಡಿ ತೆಗೊಂಡದ್ದು. ಅದಕ್ಕೆ ಮೊದಲು ಸುಳ್ಯ ಕಡೆಯವ್ರ ಹತ್ರ ಇತ್ತು. ಅವ್ರಿಗೆ ಫೋನ್ ಹೋಗುದಿಲ್ಲ.”

“ಜೀಪಿನಲ್ಲಿ ಹೋಗುವ ಮಕ್ಕಳ ಹತ್ರ ಯಾರೂ ಕೇಳ್ಲಿಲ್ವಾ?”

“ಕೇಳಿದ್ರು. ಹತ್ತು ಮಕ್ಕಳು ಇಲ್ಲ ಹೇಳಿದ್ರು. ಒಂದನೇ ಕ್ಲಾಸಿನದ್ದು ಒಂದು ಮಾತ್ರ ನೀರಿತ್ತು ಹೇಳಿತು. ಅದು ಎಂತ ಕೇಳಿದ್ರೂ ಹೌದು ಹೇಳುವ ಜನ ಸರ್. ಜೀಪಿಗೆ ರೆಕ್ಕೆ ಉಂಟಾ ಕೇಳಿದ್ರೂ ಹೌದು ಹೇಳ್ತದೆ.”

ಅವರು ನಗಲಿಲ್ಲ. ಪೋಷಕರ ಸಮಿತಿಯ ಅಧ್ಯಕ್ಷರು ಎಲ್ಲರಿಗೂ ಫೈಲಿನ ಹೆಸರು ತೋರಿಸುತ್ತಿದ್ದಾರೆಂದೂ, ಅದರಲ್ಲಿ ಅಂದಿನ ತಾರೀಕೇ ಇದೆಯೆಂದೂ ಹೇಳಿದರು. ಮರುದಿನದಿಂದ ಮಕ್ಕಳನ್ನು ಕಳಿಸುವುದಿಲ್ಲವೆಂದು ಆರು ಮನೆಯವರು ಆಗಲೇ ಹೇಳಿಯಾಗಿತ್ತು. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಶಾಲೆಯಲ್ಲಿ ಸಭೆ. ಮಕ್ಕಳ ಸವಾರಿಯನ್ನು ಅವರಿಂದ ತೆಗೆದು ಒಂದು ವ್ಯಾನಿಗೆ ಕೊಡುವುದೇ ಸಭೆಯ ವಿಷಯ.

ನಾನು ಅವರ ಎದುರಿನಲ್ಲೇ ಅಧ್ಯಕ್ಷರಿಗೆ ಫೋನ್ ಮಾಡಿದೆ. ಫೈಲಿನ ಹೆಸರಿನಲ್ಲಿರುವುದು ವಿಡಿಯೊ ತೆಗೆದ ದಿನವಲ್ಲ, ನಿಮ್ಮ ಫೋನಿಗೆ ಅದು ಬಂದ ದಿನ, ನಾಳೆ ಬಂದವರಿಗೆ ನಾಳೆಯ ತಾರೀಕು ಇರುತ್ತದೆ ಎಂದು ವಿವರಿಸಿದೆ. ಅವರು ಸಮಾಧಾನದಲ್ಲಿ ಕೇಳಿದರು.

“ನೀವು ಹೇಳುದು ಸರಿ ಇರ್ಬಹುದು. ಇವತ್ತಲ್ಲದಿದ್ರೆ ಮೊನ್ನೆ ಇರ್ಬಹುದಲ್ಲ? ಯಾವಾಗಿನದ್ದು, ಎಲ್ಲಿಯದ್ದು ಅಂತ ನೀವು ಗೊತ್ತು ಮಾಡಿ ಹೇಳಿ. ಪೇಪರಿನಲ್ಲಿ ಬರ್ಬೇಕು ಅಂತ ಇಲ್ಲ. ಶುಕ್ರವಾರ ಮೂರು ಗಂಟೆಯೊಳಗೆ ಒಂದು ಫೋನ್ ಮಾಡಿದ್ರೆ ಸಾಕು. ನಮಗೂ ಆ ಮನುಷ್ಯನ ಮೇಲೆ ದ್ವೇಷ ಇಲ್ಲ.”

ಇದನ್ನು ಜೀಪಿನವರಿಗೆ ಹೇಳಿದೆ. ಅವರು ಕೊಡೆ ತೆಗೆದುಕೊಂಡು, “ನಿಮ್ಮಿಂದ ಆಗ್ತದೆ ಸರ್,” ಎಂದು ಮೆಟ್ಟಿಲಿಳಿದು ಹೋದರು.

ಅಂದು ಸಂಜೆಯವರೆಗೆ ಆ ವಿಡಿಯೊವನ್ನು ಐವತ್ತಕ್ಕೂ ಹೆಚ್ಚು ಬಾರಿ ನೋಡಿದೆ. ನೀರಿನಡಿಗೆ ಹೋದ ಸೇತುವೆಗಳೆಲ್ಲ ಒಂದೇ ರೀತಿ ಕಾಣುತ್ತವೆ. ಕಂಬವಿಲ್ಲ, ಬೋರ್ಡಿಲ್ಲ, ಬಿಸಿಲಿಲ್ಲದ ಕಾರಣ ನೆರಳೂ ಇಲ್ಲ. ನಲವತ್ತನಾಲ್ಕನೇ ಸೆಕೆಂಡಿನಲ್ಲಿ ನೀರು ಒಮ್ಮೆ ತಗ್ಗಿದಾಗ ಸೇತುವೆಯ ಅಂಚಿನ ತಡೆಗಲ್ಲುಗಳು ಕಾಣುತ್ತವೆ. ಕೊನೆಯಿಂದ ಮೂರನೆಯದು ಮುರಿದಿದೆ, ಅದರಿಂದ ಒಂದು ಕಬ್ಬಿಣದ ಸರಳು ಹೊರಗೆ ಬಾಗಿದೆ. ಅಷ್ಟನ್ನು ಬರೆದುಕೊಂಡೆ.

ಡೆಸ್ಕಿನಿಂದ ಫೋನ್ ಬಂತು. ನಾನು ಮುರಿದ ಕಲ್ಲಿನ ವಿಷಯ ಹೇಳಿದೆ.

“ಅದೆಲ್ಲ ಸರಿ. ಟೈಲರಕ್ಕನಿಗೆ ತೋರಿಸಿದೆಯಾ?”

“ಅವರು ಸೇತುವೆ ಹೊಲಿಯುದಿಲ್ಲ,” ಎಂದೆ.

“ಮ್ಯಾನ್ಮಾರ್‌ಗಿಂತ ಒಳ್ಳೇದು ಮಾರಾಯ. ಒಮ್ಮೆ ತೋರಿಸು.”

ಬುಧವಾರ ಬೆಳಿಗ್ಗೆ ಸುಳ್ಯದ ಬಸ್ಸು ಹತ್ತಿದೆ. ಕಳಿಸಿಕೊಟ್ಟಿದ್ದರೆ ಆಗುತ್ತಿತ್ತು. ನಾನೇ ಹೋದದ್ದು ಅವರು ಹೇಗೆ ನೋಡುತ್ತಾರೆಂದು ನೋಡಲು. ಅದನ್ನು ನಾನು ಆಗ ಯಾರಿಗೂ ಹೇಳಲಿಲ್ಲ.

ಮಾಳಿಗೆಯಲ್ಲಿ ಎರಡು ಮಿಷನ್, ಒಂದು ಕತ್ತರಿಸುವ ಮೇಜು, ಕಿಟಕಿಯ ಪಕ್ಕದಲ್ಲಿ ಒಂದು ಹಲಗೆ. ಹಲಗೆಯ ತುಂಬ ಅಂಗೈಯಗಲದ ಬಟ್ಟೆಯ ತುಂಡುಗಳನ್ನು ಪಿನ್ ಮಾಡಿದ್ದರು. ಪ್ರತಿ ತುಂಡಿನ ಕೆಳಗೆ ಕಾಗದದಲ್ಲಿ ಶಾಲೆಯ ಹೆಸರು, ವಾರ, ಯಾವ ವರ್ಷದಿಂದ ಯಾವ ವರ್ಷದವರೆಗೆ. ಇಪ್ಪತ್ತೈದು ವರ್ಷಗಳ ಯುನಿಫಾರ್ಮ್ ಆ ಹಲಗೆಯಲ್ಲಿತ್ತು. ನನ್ನ ನೋಟ್‌ಬುಕ್ಕು ಕೈಚೀಲದಲ್ಲಿತ್ತು. ನಾನು ಅದನ್ನು ಹೊರಗೆ ತೆಗೆಯಲಿಲ್ಲ.

“ಬನ್ನಿ ಪೇಪರಿನವ್ರೇ. ಫೋನಿನಲ್ಲಿ ಮಾತ್ರ ಗೊತ್ತಿತ್ತು ನಿಮ್ಮನ್ನು. ಕೂತ್ಕೊಳ್ಳಿ, ಅಲ್ಲಿ ಸೂಜಿ ಉಂಟು, ಈಚೆ ಕೂತ್ಕೊಳ್ಳಿ.”

ಕಡಬದ ಶಾಲೆ, ಜೀಪಿನವರು, ಶುಕ್ರವಾರದ ಸಭೆ, ಇಷ್ಟು ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ನನ್ನ ಫೋನ್ ತೆಗೆದುಕೊಂಡರು. ನಾನು ಗೋಡೆಯ ಗಡಿಯಾರ ನೋಡುತ್ತ ಕೂತೆ. ಅವರು ವಿಡಿಯೊವನ್ನು ಪೂರ್ತಿಯಾಗಿ ಒಮ್ಮೆ ನೋಡಿದರು. ಎರಡನೇ ಸಲ ನಡುವಿನಲ್ಲಿ ನಿಲ್ಲಿಸಿದರು. ಒಟ್ಟು ಎರಡು ನಿಮಿಷವೂ ಆಗಿರಲಿಲ್ಲ.

“ಇದು ನಿಮಗೆ ಬಂದದ್ದು ಯಾವತ್ತು?”

“ನಿನ್ನೆ.”

“ನಿನ್ನೆ ಮಂಗಳವಾರ ಅಲ್ವಾ? ಇದು ಬುಧವಾರದ್ದು.”

“ಎಂತ ಬುಧವಾರದ್ದು?”

“ಅಂಗಿ ಮಾರಾಯ್ರೆ.”

ಪರದೆಯನ್ನು ನನ್ನ ಕಡೆ ತಿರುಗಿಸಿದರು. ಇಪ್ಪತ್ತೊಂಬತ್ತನೇ ಸೆಕೆಂಡು. ಜೀಪು ಜಾರುವಾಗ ತುದಿಯಲ್ಲಿ ಕೂತ ಹುಡುಗಿಯ ರೇನ್‌ಕೋಟ್ ಗಾಳಿಗೆ ಎದ್ದಿದೆ. ಅಡಿಯಲ್ಲಿ ಸ್ಕರ್ಟಿನ ಅಂಚು. ನನಗೆ ಕಂಡದ್ದು ಬೂದು ಬಣ್ಣದ ಒಂದು ಮಸುಕು. ಅವರು ಎದ್ದು ಹಲಗೆಯಿಂದ ಒಂದು ತುಂಡು ಬಿಚ್ಚಿ ತಂದು ಫೋನಿನ ಪಕ್ಕದಲ್ಲಿಟ್ಟರು. ಬೂದು ಮತ್ತು ಮೆರೂನ್ ಬಣ್ಣದ ಚೆಕ್ಸ್. ಆಗ ನನಗೂ ಕಂಡಿತು.

“ಇದು ಕಡಬದ ಆ ಶಾಲೆಯದ್ದೇ ಅಲ್ಲ. ಇದು ನಮ್ಮ ಸುಳ್ಯ ಕಡೆಯ ಶಾಲೆ. ಬುಧವಾರ ಮಾತ್ರ ಈ ಚೆಕ್ಸ್. ಎರಡು ವರ್ಷದ ಹಿಂದೆ ಶಾಲೆ ಶುರು ಆಗುವಾಗ ಇದನ್ನು ಬಿಟ್ರು. ಈಗ ಬುಧವಾರ ಟೀ ಶರ್ಟು, ರೆಡಿಮೇಡ್. ನನಗೆ ಮರೀಲಿಕ್ಕೆ ಉಂಟಾ? ಅವತ್ತೇ ನನ್ನ ಆರ್ಡರ್ ಹೋದದ್ದು.”

ಶಾಲೆಗಳಲ್ಲಿ ಬುಧವಾರ ಬೇರೆ ಯುನಿಫಾರ್ಮ್ ಇರುತ್ತದೆ ಎಂಬುದು ಈ ಕಡೆ ಮಕ್ಕಳಿರುವ ಪ್ರತಿ ಮನೆಗೂ ಗೊತ್ತು. ಮಂಗಳವಾರ ಸಂಜೆ ಅದನ್ನು ಹುಡುಕಿ ಇಸ್ತ್ರಿ ಮಾಡದ ಮನೆ ಇಲ್ಲ. ನನ್ನ ಮಗಳು ಹತ್ತು ವರ್ಷ ಪುತ್ತೂರಿನ ಶಾಲೆಗೆ ಹೋದಳು. ಅವಳ ಬುಧವಾರದ ಯುನಿಫಾರ್ಮ್ ಯಾವ ಬಣ್ಣದ್ದೆಂದು ನನಗೆ ಆ ಕ್ಷಣ ನೆನಪಾಗಲಿಲ್ಲ. ಸಂಜೆ ಹೆಂಡತಿಯನ್ನು ಕೇಳಿದಾಗ ತರಕಾರಿ ಹೆಚ್ಚುತ್ತಲೇ, “ಬಿಳಿ ಅಂಗಿ, ಹಸಿರು ಪಟ್ಟಿ. ಎಂತಕ್ಕೆ ಈಗ?” ಎಂದಳು.

ನಾನು ಟೈಲರಿಗೆ ಒಂದು ತಕರಾರು ಹೇಳಿದೆ. “ಅಕ್ಕ, ಅಕ್ಕನ ಅಂಗಿಯನ್ನು ತಂಗಿ ಹಾಕ್ತಾಳಲ್ಲ. ಹಳೇ ಬಟ್ಟೆ ಅಂದ ಮಾತ್ರಕ್ಕೆ ಹಳೇ ವಿಡಿಯೊ ಆಗುದಿಲ್ಲ.”

“ಹಾಕ್ತಾಳೆ. ಅದೇ ಶಾಲೆಗೆ ಹಾಕ್ತಾಳೆ. ಸುಳ್ಯದ ಶಾಲೆಯ ಚೆಕ್ಸ್ ಹಾಕ್ಕೊಂಡು ಕಡಬದ ಶಾಲೆಗೆ ಹೋದ್ರೆ ಟೀಚರ್ ಬಿಡ್ತಾರಾ? ಅಸೆಂಬ್ಲಿಯಲ್ಲಿ ಹೊರಗೆ ನಿಲ್ಲಿಸ್ತಾರೆ. ನೀವು ಶಾಲೆಗೆ ಹೋಗಿದ್ದೀರಿ ಅಲ್ವಾ?”

ಜೀಪು ಮೊದಲು ಸುಳ್ಯ ಕಡೆಯವರಲ್ಲಿತ್ತು ಎಂಬುದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಅದನ್ನು ಹೇಳಿದ್ದರೆ ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಬದಲಿಗೆ, “ನೀವೇ ಆ ಶಾಲೆಗೆ ಫೋನ್ ಮಾಡಿ ಕೇಳ್ಬಹುದಲ್ಲ?” ಎಂದೆ.

“ನಾನು ಕೇಳಿದ್ರೆ, ಆರ್ಡರ್ ಹೋದ ಹೊಟ್ಟೆಕಿಚ್ಚಿಗೆ ಹಳೇ ಕತೆ ಎತ್ತಿದ್ದು ಅಂತಾರೆ. ನೀವು ಪೇಪರಿನವ್ರು. ನಿಮಗೆ ಯಾರ ಮೇಲೆ ಹೊಟ್ಟೆಕಿಚ್ಚು? ನೀವೇ ಕೇಳಿ, ಆ ಜೀಪಿನವ್ರಿಗೂ ನೀವೇ ಹೇಳಿ. ಪಾಪ, ತಲೆಬಿಸಿಯಲ್ಲಿ ಇರ್ತಾರೆ.”

ಬಟ್ಟೆಯ ತುಂಡನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ವಾಪಸ್ ತಂದುಕೊಡಬೇಕೆಂದು ಎರಡು ಸಲ ಹೇಳಿದರು.

ಆಗ ಬೆಳಿಗ್ಗೆ ಹನ್ನೊಂದೂವರೆ. ಆ ಶಾಲೆಯ ಕಚೇರಿಯ ನಂಬರ್ ನನ್ನ ಫೋನಿನಲ್ಲಿತ್ತು. ಪ್ರತಿ ವರ್ಷ ಫಲಿತಾಂಶದ ಸುದ್ದಿಗೆ ಅವರು ನನಗೆ ಫೋನ್ ಮಾಡುತ್ತಾರೆ. ಸುಳ್ಯದ ಬಸ್ ನಿಲ್ದಾಣದಲ್ಲಿ ಇಪ್ಪತ್ತು ನಿಮಿಷ ಕಾದೆ. ಫೋನ್ ಮಾಡಲಿಲ್ಲ.

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಒಬ್ಬರು ಹೇಳಿದ್ದನ್ನು ಇನ್ನೊಂದು ಕಡೆಯಿಂದ ಖಾತ್ರಿ ಮಾಡಿಕೊಳ್ಳದೆ ಬರೆಯಬಾರದು. ಆ ಎರಡು ದಿನ ನಾನು ನನಗೆ ಹೇಳಿಕೊಂಡದ್ದು ಈ ನಿಯಮವನ್ನೇ. ನಿಯಮ ಸರಿಯಾದದ್ದು. ಅದನ್ನು ಪಾಲಿಸಲು ಬೇಕಾದದ್ದು ಒಂದು ಫೋನ್ ಮಾತ್ರ. ಆ ಫೋನ್ ಮಾಡಿದರೆ ಎಂಟನೇ ಗುರುತೂ ಅವರದ್ದಾಗುತ್ತಿತ್ತು.

ಗುರುವಾರ ಬೈಕಿನಲ್ಲಿ ಕಡಬ ತಾಲೂಕಿನ ನಾಲ್ಕು ಮುಳುಗು ಸೇತುವೆಗಳಿಗೆ ಹೋದೆ. ಮಳೆ ಕಡಿಮೆಯಾಗಿತ್ತು, ನಾಲ್ಕೂ ನೀರಿನಿಂದ ಮೇಲೆ ಬಂದಿದ್ದವು. ಪ್ರತಿಯೊಂದರ ತಡೆಗಲ್ಲುಗಳನ್ನು ಎಣಿಸಿ ಫೋಟೊ ತೆಗೆದೆ. ಯಾವುದರಲ್ಲಿಯೂ ಮೂರನೇ ಕಲ್ಲು ಮುರಿದಿರಲಿಲ್ಲ. ಮುರಿದಿರುವುದಿಲ್ಲ ಎಂದು ನನಗೆ ಹೋಗುವ ಮೊದಲೇ ಗೊತ್ತಿತ್ತು. ಜೀಪಿನವರು ಅಂದು ಮೂರು ಸಲ ಫೋನ್ ಮಾಡಿದರು.

“ಎಂತಾದ್ರೂ ಸಿಕ್ಕಿತಾ ಸರ್?”

“ನೋಡ್ತಾ ಇದ್ದೇನೆ.”

“ನಾಳೆ ಮೂರು ಗಂಟೆಗೆ ಅಲ್ವಾ.”

“ಗೊತ್ತುಂಟು.”

ಮೂರನೇ ಸಲ ಅವರು ಸಭೆಯ ಮಾತೆತ್ತಲಿಲ್ಲ. “ಊಟ ಆಯ್ತಾ ಸರ್? ನನ್ನಿಂದ ನಿಮಗೂ ರಗಳೆ,” ಎಂದರು. ನಾನಾಗ ಮೂರನೇ ಸೇತುವೆಯ ಮೇಲೆ ನಿಂತಿದ್ದೆ. ಬಟ್ಟೆಯ ತುಂಡು ಕೈಚೀಲದಲ್ಲಿತ್ತು.

ಶುಕ್ರವಾರ ಬೆಳಿಗ್ಗೆ ಜೀಪಿನ ದಾಖಲೆ ನೋಡಿ ಹಳೇ ಮಾಲಕನ ಊರು ತಿಳಿದುಕೊಂಡೆ. ನೋಟ್‌ಬುಕ್ಕಿನಲ್ಲಿ ‘ದಾಖಲೆಯ ಆಧಾರದಲ್ಲಿ ಸುಳ್ಯ ಕಡೆ’ ಎಂದು ಬರೆದೆ. ಟೈಲರ್ ಹೇಳಿದ ಶಾಲೆಗೆ ಆ ಊರಿನಿಂದ ಮೂರು ಕಿಲೋಮೀಟರ್. ನಡುವೆ ಒಂದು ಹೊಳೆ. ಸೇತುವೆ ತಲುಪುವಾಗ ಮಧ್ಯಾಹ್ನ ಮೂರು ಇಪ್ಪತ್ತಾಗಿತ್ತು. ಕೊನೆಯಿಂದ ಮೂರನೇ ಕಲ್ಲು ಮುರಿದಿತ್ತು, ಅದೇ ಸರಳು ಅದೇ ಕಡೆಗೆ ಬಾಗಿತ್ತು. ಹೊಳೆಯ ಬದಿಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಹಿರಿಯರೊಬ್ಬರಿಗೆ ವಿಡಿಯೊ ತೋರಿಸಿದೆ. “ಹ್ಞಾಂ, ಇದು ಮೂರು ಮಳೆಗಾಲ ಹಿಂದೆ. ಮಕ್ಕಳ ಬೊಬ್ಬೆ ನಮ್ಮ ಮನೆಗೆ ಕೇಳಿತ್ತು,” ಎಂದರು.

ಆ ಹೊತ್ತಿಗೆ ನನಗೆ ಸಂತೋಷವಾದದ್ದು ನಿಜ. ಆ ಪತ್ತೆ ನನ್ನದಾಗಿತ್ತು. ಎರಡೂ ಕಡೆಯಿಂದ, ನೀರಿನ ಮಟ್ಟದಿಂದ, ದಡದ ಮೇಲಿನಿಂದ ಫೋಟೊ ತೆಗೆದೆ. ಎಲ್ಲ ಮುಗಿಸಿ ಸಮಿತಿಯ ಅಧ್ಯಕ್ಷರಿಗೆ ಫೋನ್ ಮಾಡುವಾಗ ನಾಲ್ಕು ಗಂಟೆ ಹತ್ತು ನಿಮಿಷ.

“ಅಯ್ಯೊ, ಸಭೆ ಮುಗೀತಲ್ಲ ಮಾರಾಯ್ರೆ. ನಾವು ಮೂರೂವರೆ ತನಕ ಕಾದೆವು. ನಿಮ್ಮ ಫೋನ್ ಬರ್ಲಿಲ್ಲ. ವ್ಯಾನಿನವ್ರಿಗೆ ಮಾತು ಕೊಟ್ಟಾಯ್ತು.”

ನಾನು ವಿಷಯ ಹೇಳಿದೆ. “ಈ ವರ್ಷ ಹೀಗೇ ಇರಲಿ. ಇನ್ನು ಮತ್ತೆ ಬದಲಾಯಿಸಿದ್ರೆ ವ್ಯಾನಿನವ್ರು ಬೇಜಾರು ಮಾಡ್ತಾರೆ,” ಎಂದರು.

ಶನಿವಾರ ವರದಿ ಬಂತು. ‘ಜೀಪು ನೀರಿಗಿಳಿದದ್ದು ಕಡಬದಲ್ಲಲ್ಲ’ ಎಂಬ ಶೀರ್ಷಿಕೆ, ಮುರಿದ ತಡೆಗಲ್ಲಿನ ಫೋಟೊ. ಕೊನೆಯ ಪ್ಯಾರಾದಲ್ಲಿ ಒಂದು ವಾಕ್ಯ: ‘ವಿಡಿಯೊದಲ್ಲಿರುವ ಮಕ್ಕಳ ಯುನಿಫಾರ್ಮ್ ಕೂಡ ಬೇರೆ ಶಾಲೆಯದ್ದು ಎಂದು ಸ್ಥಳೀಯರು ಹೇಳುತ್ತಾರೆ.’ ಡೆಸ್ಕಿನ ಹಿರಿಯರು ಬೆಳಿಗ್ಗೆ ಎಂಟಕ್ಕೇ ಫೋನ್ ಮಾಡಿ, “ಮ್ಯಾನ್ಮಾರ್ ಇವತ್ತಿಗೆ ಮುಗೀತು,” ಎಂದರು. ಒಂಬತ್ತು ಗಂಟೆಗೆ ಜೀಪಿನವರು ಫೋನ್ ಮಾಡಿದರು. ಪತ್ರಿಕೆಯ ನಾಲ್ಕು ಪ್ರತಿ ಕೊಂಡೆ, ಮಸೀದಿಯ ಹತ್ತಿರ ಎಲ್ಲರಿಗೂ ತೋರಿಸಿದೆ, ಸವಾರಿ ಹೋದರೂ ಹೆಸರು ಉಳಿಯಿತು ಎಂದರು. ಕೊನೆಗೆ ಕೇಳಿದರು.

“ಇದು ನಿಮಗೆ ಯಾವಾಗ ಗೊತ್ತಾದದ್ದು ಸರ್?”

“ನಿನ್ನೆ ಮೂರೂವರೆಗೆ.”

“ಒಂದು ಅರ್ಧ ಗಂಟೆ ಅಲ್ವಾ. ಇರ್ಲಿ.”

ಹನ್ನೊಂದು ಗಂಟೆಗೆ ಟೈಲರ್ ಅವರ ಫೋನ್ ಬಂತು.

“ಪೇಪರ್ ನೋಡಿದೆ. ಚಂದ ಬಂದಿದೆ. ಕೊನೆಯಲ್ಲಿ ಸ್ಥಳೀಯರು ಅಂತ ಉಂಟಲ್ಲ, ಅದು ನಾನಾ?”

“ಹೌದು ಅಕ್ಕ.”

“ನಾನು ಒಬ್ಬಳೇ ಮಾರಾಯ್ರೆ. ಅಷ್ಟು ಜನ ಯಾವಾಗ ಆದೆ?”

ಹಿಂದಿನಿಂದ ಮಿಷನಿನ ಶಬ್ದ ಬರುತ್ತಿತ್ತು. ಅವರು ಅದನ್ನು ನಿಲ್ಲಿಸಿದರು.

“ಆ ಜೀಪಿನವ್ರಿಗೆ ಬುಧವಾರವೇ ಹೇಳಿದ್ರಲ್ಲ?”

“ಖಾತ್ರಿ ಆಗ್ಬೇಕಿತ್ತು ಅಕ್ಕ.”

“ಶಾಲೆಗೆ ಫೋನ್ ಮಾಡಿದ್ರಾ?”

“ಇಲ್ಲ.”

“ಹ್ಞೂಂ,” ಎಂದರು. “ನನ್ನ ಬಟ್ಟೆಯ ತುಂಡು ತಂದುಕೊಡಿ.” ಮತ್ತೆ ಮಿಷನ್ ಶುರುವಾಯಿತು, ಫೋನ್ ಇಟ್ಟರು.

ಸೋಮವಾರ ಡೆಸ್ಕಿಗೆ ಫೋನ್ ಮಾಡಿ, ಮೊದಲು ಗುರುತಿಸಿದವರು ಸುಳ್ಯದ ಟೈಲರ್ ಎಂದು ಒಂದು ಸ್ಪಷ್ಟನೆ ಹಾಕಬಹುದೇ ಎಂದು ಕೇಳಿದೆ. ವರದಿಯಲ್ಲಿ ತಪ್ಪು ಏನಾದರೂ ಇದೆಯೇ ಎಂದು ಹಿರಿಯರು ಕೇಳಿದರು. ಇಲ್ಲ ಎಂದೆ. “ತಪ್ಪಿಲ್ಲದ ವರದಿಗೆ ಎಂತ ತಿದ್ದುಪಡಿ ಹಾಕುದು ಮಾರಾಯ?” ಎಂದರು. ಯಾವ ದಿನ ನನಗೆ ಗೊತ್ತಾಯಿತು ಎಂಬುದು ವರದಿಯಲ್ಲಿ ಇರಲಿಲ್ಲ. ಇಲ್ಲದ್ದನ್ನು ತಿದ್ದುವ ಪದ್ಧತಿ ನಮ್ಮಲ್ಲಿಲ್ಲ.

ಬಟ್ಟೆಯ ತುಂಡು ವಾಪಸ್ ಕೊಡಲು ಹೋದಾಗ ಟೈಲರ್ ಬೈಯಲಿಲ್ಲ. ಅದನ್ನು ಬೆಳಕಿಗೆ ಹಿಡಿದು ನೋಡಿ, ಮಡಿಕೆ ಬಿದ್ದಲ್ಲಿ ಬೆರಳಿನಿಂದ ಒತ್ತಿ ಸರಿ ಮಾಡಿ, ಇದ್ದ ಜಾಗಕ್ಕೇ ಪಿನ್ ಮಾಡಿದರು. ನಾನಿದ್ದ ಹತ್ತು ನಿಮಿಷದಲ್ಲಿ ಅವರ ಫೋನಿಗೆ ಮೂರು ವಿಡಿಯೊ ಬಂದವು. ಒಂದನ್ನೂ ನನಗೆ ತೋರಿಸಲಿಲ್ಲ. ಮೂರನೆಯದು ಬಂದಾಗ ನಾನು ಕುತ್ತಿಗೆ ಬಾಗಿಸಿ ಪರದೆ ನೋಡಲು ಪ್ರಯತ್ನಿಸಿದೆ. ಅವರು ಫೋನನ್ನು ಕವುಚಿ ಹಾಕಿದರು.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎಂಟನೇ ಗುರುತನ್ನು ಅವರ ಅಂಕಣದಲ್ಲಿ ಹಾಕಿದೆ. ಪಕ್ಕದಲ್ಲಿ ‘ಬುಧವಾರ, ಬೆಳಿಗ್ಗೆ 11.30’ ಎಂದು ಬರೆದೆ. ಬರೆಯಲು ಹನ್ನೆರಡು ದಿನ ಬೇಕಾಯಿತು.

ಡಿಸೆಂಬರಿನಲ್ಲಿ ಒಂದು ಭಾನುವಾರ ನೆಟ್ಟಣಕ್ಕೆ ಹೋದೆ. ಸುಬ್ರಹ್ಮಣ್ಯಕ್ಕೆ ಹೋಗುವ ಯಾತ್ರಿಕರು ರೈಲಿನಿಂದ ಇಳಿಯುವುದು ಅಲ್ಲಿ. ನಿಲ್ದಾಣದ ಹೊರಗೆ ಜೀಪುಗಳು ಸಾಲಿನಲ್ಲಿ ನಿಲ್ಲುತ್ತವೆ, ತುಂಬಿದ ಹಾಗೆ ಹೊರಡುತ್ತವೆ. ಶಾಲೆಯ ಸವಾರಿ ಹೋದ ಮೇಲೆ ಜೀಪಿನವರು ಅಲ್ಲಿ ಗಾಡಿ ಹಾಕಿದ್ದರೆಂದು ಕೇಳಿದ್ದೆ. ನನ್ನನ್ನು ನೋಡಿ ಅವರು ಬಾನೆಟ್ಟಿನಿಂದ ಇಳಿದರು.

ನಾನು ಹೇಳಬೇಕಾದದ್ದನ್ನು ಕ್ರಮವಾಗಿ ಹೇಳಿದೆ. ಬುಧವಾರ ಹನ್ನೊಂದೂವರೆಗೆ ನನಗೆ ಗೊತ್ತಾಗಿತ್ತು. ಹೇಳಿದವರು ಸುಳ್ಯದ ಟೈಲರ್. ಒಂದು ಫೋನ್ ಮಾಡಿದ್ದರೆ ಖಾತ್ರಿಯಾಗುತ್ತಿತ್ತು. ನಾನು ಮಾಡಲಿಲ್ಲ. ಗುರುವಾರ ನೀವು ಮೂರು ಸಲ ಫೋನ್ ಮಾಡಿದಾಗಲೂ ನನಗೆ ಗೊತ್ತಿತ್ತು.

“ಗೊತ್ತುಂಟು ಸರ್,” ಎಂದರು. “ಆಗಸ್ಟಿನಲ್ಲಿ ಮಗಳ ಯುನಿಫಾರ್ಮ್ ಹೊಲಿಸ್ಲಿಕ್ಕೆ ಆ ಅಕ್ಕನ ಹತ್ರ ಹೋಗಿದ್ದೆ. ಅವ್ರು ಹೇಳಿದ್ರು.”

“ಮತ್ತೆ ನನಗೆ ಫೋನ್ ಮಾಡ್ಲಿಲ್ಲ?”

“ಎಂತ ಹೇಳುದು ಫೋನ್ ಮಾಡಿ?”

ರೈಲು ಬಂದಿತ್ತು. ಚೀಲ ಹೊತ್ತವರು ಹೊರಗೆ ಬರತೊಡಗಿದರು. ಅವರು ನನ್ನ ಕಡೆ ಒಮ್ಮೆ, ಜನರ ಕಡೆ ಒಮ್ಮೆ ನೋಡಿದರು.

“ಸುಬ್ರಹ್ಮಣ್ಯಕ್ಕಾ ನೀವು? ಹೋಗುದಾದ್ರೆ ಹತ್ತಿ, ಮುಂದೆ ಜಾಗ ಉಂಟು. ಹೋಗುದಿಲ್ಲ ಅಂತಾದ್ರೆ ಸ್ವಲ್ಪ ಆಚೆ ನಿಲ್ಲಿ, ಜನ ಹತ್ಬೇಕು.”

ನಾನು ಆಚೆ ನಿಂತೆ.

ಈ ವರ್ಷ ಜೂನ್‌ನಲ್ಲಿ ಶಾಲೆ ತೆರೆಯುವ ಮುಂಚೆ ಪೋಷಕರ ಸಮಿತಿ ಮತ್ತೆ ಸೇರಿತು. ಮಕ್ಕಳ ಸವಾರಿ ಜೀಪಿನವರಿಗೆ ವಾಪಸ್ ಬರಲಿಲ್ಲ, ಅದೇ ವ್ಯಾನಿಗೆ ಮುಂದುವರಿದಿದೆ. ಕಳೆದ ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ನೆಟ್ಟಣ ನಿಲ್ದಾಣದ ಹೊರಗೆ ಜೀಪುಗಳ ಸಾಲಿನಲ್ಲಿ ಅವರ ಜೀಪು ಆರನೆಯದಾಗಿತ್ತು, ಮುಂದಿನ ಐದು ತುಂಬುವುದನ್ನು ಕಾಯುತ್ತ.